ಗಡಿ ದಾಟಿದರೂ ಅದೇ ಪುಟ

ಮಹಾರಾಷ್ಟ್ರದ ಗಡಿಯ ಉಮರ್ಗಾದ ಟಾಕೀಜಿಗೆ ಕನ್ನಡ ಸಿನಿಮಾ ಬರುವುದಿಲ್ಲ. ಹಾಗಾಗಿ ಬಸವಕಲ್ಯಾಣದ ಕಡೆಯಿಂದ ದಾಳಿಂಬ ಊರಿನ ನಮ್ಮ ಮನೆಗೆ ಅಣ್ಣನನ್ನು ಮದುವೆಯಾಗಿ ಬಂದ ವೈನಿ, ಹೊಸ ಚಿತ್ರಗಳನ್ನು ಅವನ ಮೊಬೈಲಿನಲ್ಲಿ ಯಾವುದೋ ಪುಕ್ಕಟೆ ತಾಣದಿಂದ ಇಳಿಸಿಕೊಂಡು ನೋಡುತ್ತಿದ್ದಳು. ಒಂದು ಮಂಗಳವಾರ ಸಿನಿಮಾದ ಬದಲು ಇಂಗ್ಲಿಷ್ ಬರಹದ ಪುಟ ತೆರೆಯಿತು. ನಾನೇ ಓದಿ ಹೇಳಿದೆ: ಸರಕಾರ ಈ ತಾಣವನ್ನು ಮುಚ್ಚಿದೆ, ಇಲ್ಲಿಂದ ಚಿತ್ರ ಇಳಿಸಿಕೊಳ್ಳುವುದು ಅಪರಾಧ, ಮೂರು ವರ್ಷದವರೆಗೆ ಜೈಲಾಗಬಹುದು.

ಅಣ್ಣನ ಮುಖ ಇಳಿಯಿತು. ಪೊಲೀಸ್ ಭರ್ತಿಯಲ್ಲಿ ಅವನ ಆಯ್ಕೆಯಾಗಿತ್ತು; ಠಾಣೆಯವರು ಮನೆಗೆ ಬಂದು ನಡತೆ ವಿಚಾರಿಸುವುದೊಂದೇ ಬಾಕಿ. ಸಿಮ್ ಅವನ ಹೆಸರಿನಲ್ಲಿತ್ತು.

"ನಮ್ಮ ತವರಾಗ ಹೋದ ಹಬ್ಬಕ್ಕ ತೆರದಿತ್ತಲ್ರೀ," ಎಂದಳು ವೈನಿ. "ಇದು ಮಹಾರಾಷ್ಟ್ರದ ಕಾಯ್ದಾ ಇರಬೇಕು."

ನಮಗದು ಸರಿಯೆನಿಸಿತು. ಇಲ್ಲಿ ಪೆಟ್ರೋಲಿನ ದರ, ಬಸ್ಸಿನ ಬಣ್ಣ ಎಲ್ಲವೂ ಗಡಿಯಲ್ಲಿ ಬದಲಾಗುತ್ತವೆ. ಬುಧವಾರ ಅಣ್ಣ ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಗಡಿ ದಾಟಿ, ಕರ್ನಾಟಕದ ಮೊದಲ ಚಹಾ ಅಂಗಡಿಯ ಮುಂದೆ ಮೊಬೈಲ್ ತೆಗೆದ. ಅಲ್ಲಿಯೂ ಅದೇ ಪುಟ.

"ಎರಡೂ ರಾಜ್ಯದಾಗ ಸಿಕ್ಕೊಂಡಂಗ ಆಯ್ತಲ್ಲವಾ ತಂಗಿ," ಎಂದ.

ಆ ವಾರ ಊರಲ್ಲಿ ಕಂಡ ಹೊಸ ಮುಖಗಳನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟೆ: ಕರೆಂಟ್ ಮೀಟರ್ ನೋಡುವವನು, ಸೋಯಾಬೀನ್ ದಲಾಲಿ, ನೀರು ಕೇಳಿ ನಿಂತ ಇಬ್ಬರು ಬೈಕಿನವರು. ಎಲ್ಲರೂ ಅಣ್ಣನ ಮೊಬೈಲಿದ್ದ ಜೇಬಿನತ್ತಲೇ ನೋಡಿದಂತಿತ್ತು.

ಶನಿವಾರ ಹವಾಲ್ದಾರ ನಿಜಕ್ಕೂ ಬಂದ. ತೊಂಬತ್ತಮೂರರ ಭೂಕಂಪದ ನಂತರ ಹಾಕಿದ ತಗಡಿನ ಚಪ್ಪರದಡಿ ಕುಳಿತು, "ಏನರ ಕೇಸ್-ಗೀಸ್ ಅದಾವೇನು?" ಎಂದು ಕೇಳಿದ್ದೇ ತಡ, ವೈನಿ ಒಳಗಿಂದ ಬಂದಳು.

"ನೋಡಿದಾಕಿ ನಾ ರೀ ಸಾಹೇಬ್ರ. ಅವರಲ್ಲ."

"ಕಾಯ ಪಾಹಿಲಂ, ಬಾಯಿ?" ಏನು ನೋಡಿದೆಯಮ್ಮಾ ಎಂದು ಹವಾಲ್ದಾರ ಮರಾಠಿಯಲ್ಲಿ ಕೇಳಿದ.

"ಪಿಕ್ಚರ್ ರೀ."

ಅಣ್ಣ ಪುಟ ತೋರಿಸಿದ. ಹವಾಲ್ದಾರ ತುಟಿಯಾಡಿಸುತ್ತ ಓದಿ, "ಠಾಣಾದಾಗ ನಿನ್ನ ಹೆಸರಿಗಿ ಏನೂ ಇಲ್ಲ. ಇದು ತೆರೆದವರಿಗೆಲ್ಲಾ ಬರ್ತದ," ಎಂದು ಚಹಾ ಕುಡಿದು ಹೊರಟ. ಆದರೆ ತಿರುವಿನಲ್ಲಿ ಗಾಡಿ ನಿಲ್ಲಿಸಿ ಏನನ್ನೋ ಬರೆದುಕೊಂಡ. ಏನೆಂದು ಇಂದಿಗೂ ತಿಳಿಯದು.

ನೌಕರಿಯ ಆದೇಶ ಬಂತು. ಮರುದಿನ ಅಣ್ಣ ವೈನಿಯ ಆಧಾರ್ ಕಾರ್ಡ್ ಒಯ್ದು, ಉಮರ್ಗಾದಿಂದ ಬೇರೆ ಮೊಬೈಲ್ ತಂದ. ಸಿಮ್ ಅವಳ ಹೆಸರಿನಲ್ಲಿ.

"ಇನ್ ಇದರಾಗ ಏನರ ನೋಡ್ಕೋ," ಎಂದ.

ವೈನಿ ಅದನ್ನು ಹಿಂದುಮುಂದು ತಿರುಗಿಸಿ ನೋಡಿ ಅವನ ಕೈಗೇ ಇಟ್ಟಳು. "ನಿಮ್ಮ ನೌಕರಿ ಉಳೀತು. ಜೈಲಿಗಿ ನಾ ಹೋದ್ರ ನಡೀತದೇನ್ರೀ?"