ಚೀಟಿ ಎತ್ತಿಕೊಂಡು ಓಡಿದವರು ಯಾರು

ಪರದೇಶದಲ್ಲಿ, ರೆಂಟನ್ ಎಂಬ ಊರಿನ ಒಂದು ಆಸ್ಪತ್ರೆಯಲ್ಲಿ ನಾನು ಕನ್ನಡದ ದುಭಾಷಿ. ಎದುರಿನವರು 'ನಾನು' ಎಂದರೆ ನಾನೂ 'ನಾನು' ಎಂದೇ ಹೇಳಬೇಕು, ಸ್ವಂತದ್ದೊಂದು ಮಾತು ಸೇರಿಸಕೂಡದು. ಮೊದಲೇ ಬಾಯಿಬಡುಕಿ ನಾನು. ಈ ನಿಯಮ ಕೇಳಿ ನನ್ನ ಗಂಡ ಬಿದ್ದು ಬಿದ್ದು ನಕ್ಕಿದ್ದರು.

ಆ ಬೆಳಿಗ್ಗೆ ಬಂದವರು ಮೈಸೂರಿನ ಒಬ್ಬ ಅಜ್ಜಿ. ಸಕ್ಕರೆ ಕಾಯಿಲೆ, ಬಲಗಾಲಿನ ಒಂದು ಬೆರಳು ಆಗಲೇ ಹೋಗಿತ್ತು. ವಾರವಾರ ಗಾಯ ತೊಳೆಸಿಕೊಳ್ಳದಿದ್ದರೆ ಪಾದವೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಕನ್ನಡದಲ್ಲಿ ಹೇಳಿದ್ದೂ ನಾನೇ. ಖರ್ಚೆಲ್ಲ ರಾಜ್ಯದ ಆರೋಗ್ಯ ಯೋಜನೆಯದು. ಗೋದಾಮಿನಲ್ಲಿ ದುಡಿಯುವ ಮಗಳು ಅಮ್ಮನನ್ನು ಬಾಗಿಲಲ್ಲಿ ಇಳಿಸಿ ಕೆಲಸಕ್ಕೆ ಓಡುತ್ತಿದ್ದಳು. ಅಜ್ಜಿ ಕೂತ ಕೂಡಲೇ ಎಂದಿನಂತೆ ನನ್ನ ಕೈ ಹಿಡಿದುಕೊಂಡರು.

ಗಾಯದ ವಿಭಾಗ ಮುಂದಿನ ತಿಂಗಳಿಂದ ಮುಚ್ಚುತ್ತದೆ ಎಂದಳು ಆಸ್ಪತ್ರೆಯ ಅಧಿಕಾರಿ. ಕಾರಣವನ್ನೂ ಹೇಳಿದಳು. ಆಸ್ಪತ್ರೆಗಳೆಲ್ಲ ರಾಜ್ಯಕ್ಕೆ ಶುಲ್ಕ ಕಟ್ಟುತ್ತವೆ. ರಾಜ್ಯ ಅದರ ಮೇಲೆ ಕೇಂದ್ರದಿಂದಲೂ ಹಣ ತಂದು, ಬಡವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳಿಗೆ ಹಂಚುತ್ತದೆ. ಆ ಹಣ ಇನ್ನು ಕಮ್ಮಿಯಾಗುತ್ತದೆ.

"ಅಂದ್ರೆ ಚೀಟಿ ಇದ್ದಂಗೆ ಅನ್ನು," ಎಂದರು ಅಜ್ಜಿ. "ಎಲ್ರೂ ಕಟ್ಟೋದು, ಕಷ್ಟ ಇದ್ದೋರು ಎತ್ಕೊಳೋದು. ಮೈಸೂರಲ್ಲಿ ನಾನೇ ನಡೆಸ್ತಿದ್ದೆ ಕಣಮ್ಮ, ಒಬ್ರಿಗೂ ಮೋಸ ಮಾಡಿಲ್ಲ. ಈ ಚೀಟಿ ಎತ್ಕೊಂಡ್ ಓಡೋದೋನ್ ಯಾರು, ಕೇಳು ಅವ್ಳನ್ನ!"

ಭಲೇ ಅಜ್ಜಿ ಅನ್ನಬೇಕೆನಿಸಿತು. ಅನ್ನುವಂತಿಲ್ಲವಲ್ಲ, ಥೂ! ಚೀಟಿ ಎಂದರೇನು ಎಂದು ಇಂಗ್ಲಿಷಿನಲ್ಲಿ ತಡವರಿಸುತ್ತಾ ವಿವರಿಸಿ, ಅಜ್ಜಿಯ ಪ್ರಶ್ನೆಯನ್ನು ಹೇಗೋ ಕೇಳಿದೆ.

ಯಾರೂ ಓಡಿಹೋಗಿಲ್ಲ, ಆಸ್ಪತ್ರೆಗಳಿಂದ ರಾಜ್ಯ ಎಷ್ಟು ಶುಲ್ಕ ಕಟ್ಟಿಸಿಕೊಳ್ಳಬಹುದು ಎಂಬ ಮಿತಿಯನ್ನೇ ಕೇಂದ್ರ ಇಳಿಸುತ್ತಿದೆ ಎಂದಳು ಆಕೆ. ನಾರ್ತ್ ಕ್ರೀಕ್ ಕಡೆ ಇನ್ನೊಂದು ಕ್ಲಿನಿಕ್ ಇದೆಯಂತೆ. ಅಲ್ಲಿಗೆ ಬಸ್ಸು ಬದಲಿಸಿ, ನಡೆದು ಹೋಗಬೇಕು. ಈ ಕಾಲಲ್ಲಿ! ನನಗೆ ಮೈಯೆಲ್ಲ ಉರಿಯಿತು.

ಅಜ್ಜಿ ಅವಳನ್ನು ಬಿಟ್ಟು ನನ್ನ ಕಡೆಗೇ ತಿರುಗಿದರು. "ಮಗಳು ರಜೆ ಹಾಕಿದ್ರೆ ಕೆಲಸ ಹೋಗತ್ತೆ. ಹಾಕ್ದಿದ್ರೆ ನನ್ ಕಾಲು. ನೀನೇ ಏನಾದ್ರೂ ಮಾಡಮ್ಮ."

ನನ್ನನ್ನು ಕೇಳಿದ್ದನ್ನೂ ನಾನು ಅನುವಾದಿಸಿದೆ. ಅಧಿಕಾರಿಯ ಕಣ್ಣು ಒದ್ದೆಯಾಗಿತ್ತು, ಕೆಟ್ಟವಳೇನಲ್ಲ. ಅವಳು ಇಂಗ್ಲಿಷಿನಲ್ಲಿ ಹೇಳಿದ ಎರಡೇ ಮಾತನ್ನು ನಾನು ಅಜ್ಜಿಯ ಮುಖ ನೋಡಿಕೊಂಡೇ ಹೇಳಬೇಕಾಯಿತು.

"ಕ್ಷಮಿಸಿ. ನನ್ನ ಕೈಲಿ ಏನೂ ಆಗಲ್ಲ."

ನಾನು ಆಡುವುದೆಲ್ಲ ಆಸ್ಪತ್ರೆಯವರ ಮಾತು, ನನ್ನದಲ್ಲ ಎಂದು ಮೊದಲ ದಿನವೇ ವಿವರಿಸಿದ್ದೆ. ಅಜ್ಜಿ ತಲೆಯನ್ನೂ ಆಡಿಸಿದ್ದರು. ಈಗ ಮೆಲ್ಲಗೆ ನನ್ನ ಕೈ ಬಿಟ್ಟರು.

"ಆಯ್ತು ಬಿಡಮ್ಮ," ಎಂದರು. "ನಮ್ಮೋಳು ನೀನೇ ಹಿಂಗಂದ್ಮೇಲೆ ಇನ್ಯಾರನ್ನ ಕೇಳ್ಲಿ."

ಅಧಿಕಾರಿ ನನ್ನ ಮುಖ ನೋಡುತ್ತಿದ್ದಳು. ಅಜ್ಜಿಯ ಆ ಮಾತನ್ನೂ ಇಂಗ್ಲಿಷಿನಲ್ಲಿ ಹೇಳಿದೆ.