ಹೊರಗೆ ಓಡುತ್ತದೆ, ಪೆಟ್ಟಿಗೆಯೊಳಗೆ ಸಾಯುತ್ತದೆ

ಬೆಳಗಿನ ಆರೂಕಾಲು. ಬೀದಿಯ ಅಂಗಡಿಗಳ ಷಟರ್‌ಗಳೆಲ್ಲ ಇನ್ನೂ ಕೆಳಗಿವೆ. ಮಹಡಿ ಮೆಟ್ಟಿಲ ಕೆಳಗಿನ ಈ ಗೂಡಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ರಟ್ಟಿನ ಡಬ್ಬದ ಮೇಲೆ ಕಂಪ್ಯೂಟರಿನ ಮದರ್‌ಬೋರ್ಡೊಂದನ್ನು ಅಂಗಾತ ಮಲಗಿಸಿಕೊಂಡು ಅಕ್ಕ ಸ್ಕ್ರೂಡ್ರೈವರಿನ ತುದಿಯನ್ನು ಎರಡು ಪಿನ್ನುಗಳಿಗೆ ಮುಟ್ಟಿಸುತ್ತಾರೆ. ಫ್ಯಾನು ತಿರುಗುತ್ತದೆ, ಪರದೆಯ ಮೇಲೆ ಅಕ್ಷರ ಮೂಡುತ್ತದೆ. ಅದೇ ಬೋರ್ಡನ್ನು ಪೆಟ್ಟಿಗೆಯೊಳಗೆ ಕೂರಿಸಿ, ಎಂಟು ಸ್ಕ್ರೂ ಬಿಗಿದು, ಗುಂಡಿ ಒತ್ತುತ್ತಾರೆ. ಫ್ಯಾನು ಅರೆಸುತ್ತು ತಿರುಗಿ ನಿಂತುಬಿಡುತ್ತದೆ.

"ಇದು ಏಳನೇ ಸಲ. ಹೊರಗಿದ್ರೆ ಓಡತ್ತೆ, ಒಳಗೆ ಹೋದ್ರೆ ಸಾಯತ್ತೆ. ಯಾಕೆ ಅಂತ ಕೇಳ್ಬೇಡಿ, ನಂಗೇ ತಲೆಬುಡ ಅರ್ಥ ಆಗ್ತಿಲ್ಲ."

ಕೈಚಳಕ ನೋಡಿ ಬರೆಯೋಣವೆಂದು ಬಂದವನು ನಾನು. ಈಗ ಇಬ್ಬರೂ ಒಂದು ತಗಡಿನ ಪೆಟ್ಟಿಗೆಯನ್ನು ಪೆದ್ದುಪೆದ್ದಾಗಿ ನೋಡುತ್ತ ಕೂತಿದ್ದೇವೆ.

ಬೀದಿಯವರಿಗೆ ಇವರು 'ಬೋರ್ಡಕ್ಕ'. ಅಂಗಡಿಗೆ ಹೆಸರಿನ ಫಲಕವೇ ಇಲ್ಲ. ಆ ಅಡ್ಡಹೆಸರು ಕೇಳಿಕೊಂಡು ಫಲಕ ಬರೆಸಲು ಬಂದು ಬೇಸ್ತು ಬಿದ್ದು ಹೋದವರಿದ್ದಾರೆ. ವಯಸ್ಸು ನಲವತ್ತೆಂಟು. ಹದಿನಾಲ್ಕು ವರ್ಷ ಟಿ.ವಿ. ಜೋಡಿಸುವ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದರು. ಕಾರ್ಖಾನೆ ಬಾಗಿಲು ಹಾಕಿದಾಗ, ಹೊಲಿಗೆ ಅಂಗಡಿ ಇಟ್ಟಿದ್ದ ತಂಗಿ ತನ್ನ ಜಾಗದಲ್ಲೇ ಈ ಮೂಲೆ ಬಿಟ್ಟುಕೊಟ್ಟಳು. ದಿನಕ್ಕೆ ನಾಲ್ಕೈದು ಬೋರ್ಡು ಬರುತ್ತವೆ. ಸತ್ತೇ ಹೋಯಿತು ಎಂದು ತಂದ ಹತ್ತರಲ್ಲಿ ಆರಕ್ಕೆ ಜೀವ ಬರುತ್ತದೆ. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದೆ. ಎಡಗಣ್ಣಿನ ದೃಷ್ಟಿ ಕುಂದುತ್ತಿದೆ. "ಈಗ್ಲೂ ಕೆಲವರು ಒಳಗೆ ಇಣುಕಿ, 'ಗಂಡಸರು ಯಾರೂ ಇಲ್ವಾ' ಅಂತಾರೆ. ಊಟಕ್ಕೆ ಹೋಗಿದಾರೆ, ಕೂತ್ಕೊಳ್ಳಿ ಅಂತೀನಿ. ಅವರು ಕಾಯ್ತಿರುವಾಗ್ಲೇ ರಿಪೇರಿ ಮುಗಿಸಿ ಕೊಡ್ತೀನಿ."

ಆದರೆ ಈ ಪೆಟ್ಟಿಗೆ ಒಂಬತ್ತು ದಿನದಿಂದ ಹೋಗಿಲ್ಲ. ಲೇತ್ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ತಗಡು ಕತ್ತರಿಸುವುದರಿಂದ ಹಿಡಿದು ಎಲ್ಲವನ್ನೂ ಮನೆಯಲ್ಲೇ ಮಾಡಿ ಕಟ್ಟಿಕೊಂಡ ಕಂಪ್ಯೂಟರ್ ಇದು. ನಾಲ್ಕು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು. ಎಡಗೈಯ ಒಂದು ಬೆರಳಿನಿಂದ ಅವರು ಪರದೆಯ ಮೇಲಿನ ಪದಗಳನ್ನು ಆರಿಸಿದರೆ ಈ ಯಂತ್ರ ಅವನ್ನು ಗಟ್ಟಿಯಾಗಿ ಹೇಳುತ್ತಿತ್ತು. ಒಂದು ಮಧ್ಯಾಹ್ನ ಇದೂ ಸುಮ್ಮನಾಯಿತು. ಬೋರ್ಡಿನ ಮೇಲೆ ಐದು ಕೆಪಾಸಿಟರುಗಳು ಹೊಟ್ಟೆ ಉಬ್ಬಿಸಿಕೊಂಡಿದ್ದವು, ಪಕ್ಕದ ತಾಮ್ರದ ಗೆರೆಗಳು ಸುಟ್ಟು ಕರಕಲಾಗಿದ್ದವು. ಬದಲಿ ಬೋರ್ಡೇ ಗತಿ.

ಹೊಸದನ್ನು ಹಾಕಬಹುದಿತ್ತು. ಆದರೆ ಹೊಸ ಬೋರ್ಡಿಗೆ ಹಳೆಯ ಪ್ರೊಸೆಸರ್ ಕೂರದು, ಹಳೆಯ ಮೆಮೊರಿ ಹಿಡಿಸದು. ಅವೆರಡನ್ನೂ ಬದಲಿಸಿದರೆ, ಮಾತಾಡಿಸುವ ಆ ಹಳೇ ತಂತ್ರಾಂಶ ಹೊಸ ಯಂತ್ರವನ್ನು ಒಪ್ಪುತ್ತದೋ ಇಲ್ಲವೋ. ಅದನ್ನು ಮಾಡಿದವರು ಈಗ ಫೋನಿಗೂ ಸಿಗುವುದಿಲ್ಲ. ಅಕ್ಕ ಎಂಟು ಕಡೆ ವಿಚಾರಿಸಿ, ಮುಚ್ಚಿದ ಕಚೇರಿಯೊಂದರ ಹಳೇ ಕಂಪ್ಯೂಟರಿನಿಂದ ಈ ಬೋರ್ಡನ್ನು ಬಿಚ್ಚಿಸಿ ತಂದರು. ಪ್ರೊಸೆಸರ್ ಕೂರುವ ಜಾಗ, ಮೆಮೊರಿ, ಅಳತೆ, ಸ್ಕ್ರೂ ತೂತು ಎಲ್ಲ ತಾಳೆಯಾದವು. "ಗೆದ್ದೆ ಅಂದ್ಕೊಂಡೆ," ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಎಂಟು ಗಂಟೆಗೆ ಅಕ್ಕ ಆ ಹಿರಿಯರ ಹೆಂಡತಿಗೆ ಫೋನ್ ಮಾಡುತ್ತಾರೆ. ಏನೋ ನೆಪ ಹೇಳಬಹುದೆಂದು ನಾನು ಕಿವಿಗೊಡುತ್ತೇನೆ. "ಅಮ್ಮಾ, ಬೋರ್ಡು ಹೊರಗಿದ್ರೆ ಓಡತ್ತೆ, ಪೆಟ್ಟಿಗೆಯೊಳಗೆ ಹಾಕಿದ್ರೆ ಸಾಯತ್ತೆ. ಯಾಕೆ ಅಂತ ನಂಗೆ ಗೊತ್ತಾಗ್ತಿಲ್ಲ. ಸುಮ್ನೆ ನಿಮ್ಮನ್ನ ಕಾಯಿಸೋದು ತಪ್ಪು. ಬಂದು ತಗೊಂಡು ಹೋಗಿ, ಇನ್ಯಾರಿಗಾದ್ರೂ ತೋರ್ಸಿ."

ಒಂಬತ್ತೂವರೆಗೆ ವ್ಯಾನೊಂದು ಬಂದು ನಿಲ್ಲುತ್ತದೆ. ಅಮ್ಮನ ಜೊತೆ ಗಾಲಿಕುರ್ಚಿಯಲ್ಲಿ ಆ ಹಿರಿಯರೂ ಇಳಿಯುತ್ತಾರೆ. "ಬರಲೇಬೇಕು ಅಂತ ಹಟ ಹಿಡಿದ್ರಮ್ಮಾ. ಏನಕ್ಕೆ ಅಂತ ಹೇಳೋಕೆ ಬಾಯಿಲ್ಲ, ನಂಗೆ ತಿಳಿಯಲ್ಲ," ಎನ್ನುತ್ತಾರೆ ಅಮ್ಮ.

ಅವರು ಪೆಟ್ಟಿಗೆಯ ಕಡೆ ಬೆರಳು ಚಾಚುತ್ತಾರೆ. ಅಕ್ಕ ಬೋರ್ಡನ್ನು ತೋರಿಸುತ್ತಾರೆ, ಅಲ್ಲವೆಂದು ತಲೆಯಾಡುತ್ತದೆ. ವೈರು? ಅಲ್ಲ. ಫ್ಯಾನು? ಅಲ್ಲ. "ನೀರು ಬೇಕೇನ್ರೀ?" ಎನ್ನುತ್ತಾರೆ ಅಮ್ಮ. ಹಿರಿಯರು ಕಣ್ಣು ಮುಚ್ಚಿಕೊಂಡು ನಿಟ್ಟುಸಿರು ಬಿಡುತ್ತಾರೆ. ಕೊನೆಗೆ ಅಂಗೈಯನ್ನು ಬೋರ್ಲು ಮಾಡಿ, ಮೆಲ್ಲಗೆ ಮೇಲಕ್ಕೆತ್ತುತ್ತಾರೆ. ಮತ್ತೆ ಅದನ್ನೇ ಮಾಡುತ್ತಾರೆ.

"ಎತ್ತಬೇಕಾ ಅಣ್ಣಾ? ಬೋರ್ಡನ್ನ?"

ಹೌದು. ಬೋರ್ಡ್ ತೆಗೆದ ಪೆಟ್ಟಿಗೆಯನ್ನು ಅಕ್ಕ ಅವರ ತೊಡೆಯ ಮೇಲಿಡುತ್ತಾರೆ. ಆ ಬೆರಳು ಒಳಗಿನ ತಗಡನ್ನು ತಡವುತ್ತ ಹೋಗಿ ನಡುವೆ ಒಂದು ಕಡೆ ನಿಂತು, ಟಕಟಕ ಎಂದು ಬಡಿಯುತ್ತದೆ. ಅಕ್ಕ ಭೂತಗನ್ನಡಿ ಹಿಡಿದು ಬಗ್ಗುತ್ತಾರೆ. ತಗಡಿನ ಬಣ್ಣವನ್ನೇ ಬಳಿದ, ತಗಡಿನದೇ ಉಬ್ಬು ಎನ್ನಿಸುವಂಥ ಒಂದು ಕುಳ್ಳ ಗೂಟ! ಭಾರದ ಫ್ಯಾನಿಗೆ ಬೋರ್ಡು ಬಾಗದಿರಲೆಂದು ಅವರೇ ಲೇತಿನಲ್ಲಿ ಕಡೆದು ಕೂರಿಸಿದ್ದ ಆಸರೆ. ಹಳೇ ಬೋರ್ಡಿನ ಬೆನ್ನಿನಲ್ಲಿ ಆ ಜಾಗ ಖಾಲಿಯಿತ್ತು. ಈ ಬೋರ್ಡಿನಲ್ಲಿ ಅಲ್ಲೇ ಬೆಸುಗೆಯ ಮೊನೆಗಳಿವೆ. ಅವು ಬಣ್ಣ ಕೆರೆದು ಲೋಹಕ್ಕೆ ತಾಗುತ್ತಿದ್ದವು, ತಾಗಿದೊಡನೆ ಶಾರ್ಟ್ ಆಗಿ ಯಂತ್ರ ಆರುತ್ತಿತ್ತು.

"ಅಯ್ಯೋ ನನ್ನ ಕಣ್ಣೇ!" ಅಕ್ಕ ಇಕ್ಕಳದಿಂದ ಆ ಗೂಟವನ್ನು ತಿರುವಿ ಕೀಳುತ್ತಾರೆ. ಬೋರ್ಡ್ ಕೂರಿಸಿ, ಸ್ಕ್ರೂ ಬಿಗಿದು ಗುಂಡಿ ಒತ್ತುತ್ತಾರೆ. ಫ್ಯಾನು ಒಂದು ಸುತ್ತು ದಾಟುತ್ತದೆ, ಹತ್ತು ದಾಟುತ್ತದೆ. ಪರದೆ ಬೆಳಗಿ ಪದಗಳ ಪಟ್ಟಿ ಬಂದಾಗ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಬೆರಳು ಒಂದೊಂದೇ ಪದ ಆರಿಸುತ್ತದೆ. ಸ್ಪೀಕರಿನ ಒರಟು ದನಿ ಹೇಳುತ್ತದೆ: "ವೈರು. ಅಡ್ಡಾದಿಡ್ಡಿ. ಕಟ್ಟು."

"ನೋಡಮ್ಮಾ, ಒಂಬತ್ತು ದಿನ ಬಾಯಿ ಕಟ್ಕೊಂಡು ಕೂತಿದ್ದು, ಮೊದಲನೇ ಮಾತು ಇದಾ!" ಅಮ್ಮ ನಗುತ್ತಲೇ ಅಳುತ್ತಾರೆ. ಅಕ್ಕ ವೈರುಗಳನ್ನು ಒಪ್ಪವಾಗಿ ಕಟ್ಟಿಕೊಡುತ್ತಾರೆ.

ವ್ಯಾನು ಹೊರಟ ಮೇಲೆ ಕೇಳುತ್ತೇನೆ: ಗಿರಾಕಿಯೇ ತಪ್ಪು ಕಂಡುಹಿಡಿದರಲ್ಲ, ಬೇಸರವಾಗಲಿಲ್ಲವೇ?

ಅಕ್ಕ ಮುಂದಿನ ಬೋರ್ಡನ್ನು ಎಳೆದುಕೊಳ್ಳುತ್ತಾರೆ. "ಎಲ್ಲಾ ಗೊತ್ತು ಅಂದಿದ್ರೆ ಅದನ್ನ ಇನ್ನೂ ಇಲ್ಲೇ ಇಟ್ಕೊಂಡು ಕೂತಿರ್ತಿದ್ದೆ. ಗೊತ್ತಿಲ್ಲ ಅಂದೆ ನೋಡಿ, ಅದಕ್ಕೇ ಅವರು ಬಂದ್ರು."