ಕೊಟ್ಟೂರಿನ ಆರು ಅಂಗಡಿ

ಹೊಸ ತಂತ್ರಜ್ಞಾನದ ಕಂಪನಿಯೊಂದಕ್ಕೆ ಹರಪನಹಳ್ಳಿ ಹತ್ತಿರ ಸರ್ಕಾರಿ ಶೆಡ್ ಕೊಡುವುದಿತ್ತು. ಯಾರಿಗೆ ಕೊಡಬೇಕೆಂದು ನೋಡಿ ಬರಲು ನಮ್ಮ ಕಚೇರಿಯವರು ನನ್ನನ್ನು ಕೊಟ್ಟೂರಿಗೆ ಕಳಿಸಿದ್ದರು. ಹೊಲದ ಪಂಪ್‌ಸೆಟ್ಟನ್ನು ಮನೆಯಿಂದಲೇ ಮೊಬೈಲಿನಲ್ಲಿ ಚಾಲೂ ಮಾಡುವ ಪೆಟ್ಟಿಗೆ ತಯಾರಿಸುವವರು ಅಲ್ಲಿ ಒಂದೇ ಬೀದಿಯಲ್ಲಿ ಆರು ಜನ. ಮೊದಲು ಶುರು ಮಾಡಿದವರು ಗಿರಿಜಮ್ಮ. ಉಳಿದ ಐವರೂ ಅವರಲ್ಲೇ ಕೆಲಸ ಕಲಿತು, ಬಿಟ್ಟು, ಅಕ್ಕಪಕ್ಕದಲ್ಲೇ ಅಂಗಡಿ ತೆರೆದವರು.

"ಸಿಟ್ಟು ಬರಲಿಲ್ವಾ?" ಎಂದು ಗಿರಿಜಮ್ಮನನ್ನು ಕೇಳಿದೆ.

"ಬರದ ಇರತೈತೇನ್ರಿ? ಎದುರಿನ ಅಂಗಡಿ ಮಂಜಪ್ಪನ ಜೊತಿ ಒಂದ್ ವರ್ಷ ಮಾತಾಡಿಲ್ಲ. ಒಂದಿನ ಹಡಗಲಿ ರೈತರೊಬ್ರು ಕೆಟ್ಟ ಪೆಟ್ಟಿಗಿ ತಂದು ಕುಂತ್ರು. ಅದಕ್ಕ ಬೇಕಾದ ಚಿಪ್ ನನ್ನತ್ರ ಇರ್ಲಿಲ್ಲ. ಮಂಜಪ್ಪ ತಾನಾಗೇ ತಂದು ಮೇಜಿನ ಮ್ಯಾಲಿಟ್ಟು ಹೋದ."

ಅಂದಿನಿಂದ ಕೆಲಸ ಹಂಚಿಕೆಯಾಯಿತಂತೆ. ಪ್ರೋಗ್ರಾಂ ಬರೆಯುವುದು ಮಂಜಪ್ಪ, ಬೋರ್ಡಿಗೆ ಬೆಸುಗೆ ಹಾಕುವುದು ಗಿರಿಜಮ್ಮ. ಪೆಟ್ಟಿಗೆ, ವೈರಿಂಗ್, ರಿಪೇರಿ ಉಳಿದವರದು. ಈಗ ಕೂಡ್ಲಿಗಿ ಕಡೆಯವರೂ ಅಂಗಡಿ ಹೆಸರು ಕೇಳದೆ ಸೀದಾ ಈ ಬೀದಿಗೇ ಬರುತ್ತಾರೆ.

ಶೆಡ್ಡಿಗೆ ಗಿರಿಜಮ್ಮನೇ ಸರಿ ಎನ್ನಿಸಿತು. ಹೇಳಿದೆ. ಅವರ ಮುಖ ಅರಳಿತು. ಎಷ್ಟು ದೊಡ್ಡದು, ಕರೆಂಟು ಹೋಗುತ್ತದೆಯೇ ಎಂದೆಲ್ಲ ವಿಚಾರಿಸಿದರು. ಆಮೇಲೆ, "ಆರೂ ಮಂದಿಗೆ ಕೊಡ್ತೀರೇನ್ರಿ?" ಎಂದರು.

"ಇಲ್ಲಮ್ಮ, ಒಬ್ಬರಿಗೆ ಮಾತ್ರ."

ಅವರು ಬೀದಿಯತ್ತ ಕೈ ತೋರಿಸಿದರು. "ನಾ ಒಬ್ಬಾಕಿ ಅಲ್ಲಿ ಕುಂತು ಏನ್ ಮಾಡ್ಲಿ? ಅರ್ಧಾ ಕೆಲಸ ಇಲ್ಲೇ ಐತಿ. ಬ್ಯಾಡ ಬಿಡ್ರಿ."

ಶೆಡ್ಡಿನ ಅರ್ಜಿಯಲ್ಲಿ 'ಕಂಪನಿಯ ಹೆಸರು' ಎಂದಿರುವಲ್ಲಿ ನಾನು ಆ ಬೀದಿಯ ಹೆಸರನ್ನೇ ಬರೆದು ಕಳಿಸಿದೆ. ಶೆಡ್ ಇನ್ನೂ ಖಾಲಿ ಇದೆ. ಸದರಿ ಕಂಪನಿಯ ಮಾಲೀಕರ ಸಹಿ ಯಾಕಿಲ್ಲ ಎಂದು ಕೇಳಿ ಕಚೇರಿಯಿಂದ ನನಗೆ ಈಗಾಗಲೇ ಎರಡು ಪತ್ರ ಬಂದಿವೆ.